ಒಳಮೈಯ ಹೊಲಿಗೆ

"ಬೀರುಗೆ ಬೀಗ ಯಾಕೆ ಹಾಕಿದ್ದೀಯಾ? ಕೀ ಕೊಡು," ಎಂದು ಅತ್ತಿಗೆ, ಟೇಲರನ ಅಕ್ಕ, ಹಿಡಿಕೆಯನ್ನು ಇನ್ನೊಮ್ಮೆ ಜಗ್ಗಿದಳು. "ಗಾಡಿ ಬರೋ ಹೊತ್ತಾಯ್ತು. ಬೀದಿಗೆಲ್ಲ ಬಟ್ಟೆ ಹೊಲಿದುಕೊಟ್ಟವನನ್ನ ಹಳೇ ಬನಿಯನ್‌ನಲ್ಲಿ ಕಳಿಸ್ತೀಯಾ?"

ಟೇಲರನ ಹೆಂಡತಿ ಕೀಯನ್ನು ಮುಷ್ಟಿಯೊಳಗೆ ಬಿಗಿಹಿಡಿದಳು. "ಹೊಸದೊಂದು ತರಿಸೋಣ ಅತ್ತಿಗೆ. ಅಂಗಡಿ ತೆಗೆದಿರತ್ತೆ."

"ರೆಡಿಮೇಡಾ? ಅಣ್ಣ ಎದ್ದು ಕೂತು ಬೈತಾನೆ ಅಷ್ಟೇ," ಎಂದ ಬಾಗಿಲಲ್ಲಿ ನಿಂತಿದ್ದ ಇಸ್ತ್ರಿಯವನು. ಟೇಲರನ ಅಂಗಡಿಯ ಪಕ್ಕದಲ್ಲೇ ಅವನ ಮೇಜು. ಯಾರೂ ನಗಲಿಲ್ಲ. ಅವನು ನಾಲಿಗೆ ಕಚ್ಚಿಕೊಂಡ.

ಮುಂದಿನ ಕೋಣೆಯಲ್ಲಿ, ತಲೆಯ ಬಳಿ ಹಚ್ಚಿಟ್ಟ ದೀಪದ ಪಕ್ಕ, ಎಡಗೈ ಟೇಲರ್ ಮಲಗಿದ್ದ. ಬೀದಿಯವರು ಇಟ್ಟ ಹೆಸರದು. ಕತ್ತರಿ, ಸೂಜಿ, ಊಟದ ತುತ್ತು, ಎಲ್ಲಕ್ಕೂ ಎಡಗೈಯೇ. ಅದಕ್ಕೇ ಅವನ ಕೈಹೊಲಿಗೆ ಎಲ್ಲರದಕ್ಕಿಂತ ಉಲ್ಟಾ ವಾಲುತ್ತಿತ್ತು, ಎದುರುಗಾಳಿಗೆ ಬಾಗಿದ ಹುಲ್ಲಿನ ಹಾಗೆ. ಕತ್ತಲಲ್ಲಿ ಕೊಟ್ಟರೂ ಬೆರಳಾಡಿಸಿ ಇದು ಅವನದೇ ಎಂದು ಹೇಳಬಲ್ಲವಳು ಅವನ ಹೆಂಡತಿ.

"ನನ್ನ ತಮ್ಮನಿಗೆ ಕೊನೆವರೆಗೂ ಗೊತ್ತೇ ಇರ್ಲಿಲ್ಲ, ಅಲ್ವೇನೇ?" ಅತ್ತಿಗೆಯ ದನಿ ತಗ್ಗಿತು. ತಗ್ಗಿದ ದನಿಯೇ ಹೆಚ್ಚು ಚುಚ್ಚಿತು. "ಡಾಕ್ಟರು ನಿನಗೆ ಹೇಳಿದ್ರು. ನೀನು ನುಂಗ್ಕೊಂಡೆ. ಗೊತ್ತಿದ್ರೆ ನನ್ನ ಹತ್ರ ಒಂದು ಮಾತಾಡಿ ಹೋಗ್ತಿದ್ದ. ಕಣ್ಣಿಗೆ ಬಟ್ಟೆ ಕಟ್ಟಿ ಕಳಿಸಿಬಿಟ್ಟೆಯಲ್ಲ ಅವನನ್ನ!"

ಆ ಬಟ್ಟೆಯೆಲ್ಲ ಬೀರುವಿನಲ್ಲಿತ್ತು.

*

"ಇನ್ನು ಔಷಧಿ ನೋವಿಗೆ ಮಾತ್ರ," ಎಂದಿದ್ದರು ಡಾಕ್ಟರು. "ಅವರಿಗೆ ನಾನು ಹೇಳ್ಲಾ?"

"ಬೇಡ. ನಾನೇ ಹೇಳ್ತೀನಿ."

ಆಸ್ಪತ್ರೆಯ ಬೆಂಚಿನ ಮೇಲೆ ಅವನು ಪಕ್ಕದವನ ಕಾಲರ್ ಸರಿಯಿಲ್ಲವೆಂದು ಜಗಳಕ್ಕೆ ನಿಂತಿದ್ದ. ಇವಳನ್ನು ನೋಡಿ, "ಏನಂದ್ರು ಡಾಕ್ಟ್ರು?" ಎಂದು ಕೇಳಿದ.

"ವಾಸಿಯಾಗ್ತಿದೆಯಂತೆ. ಮೈ ಕೈ ತುಂಬ್ಕೋಬೇಕಂತೆ ಅಷ್ಟೇ."

ಹೇಳಿದ್ದು ಹೇಳಿಯಾಯಿತು. ಆದರೆ ಶರ್ಟುಗಳು ಸುಳ್ಳು ಹೇಳುತ್ತವೆಯೇ? ದಿನದಿಂದ ದಿನಕ್ಕೆ ಜೋಲತೊಡಗಿದವು. ಕೊನೆಗೆ ಅವನು ಮಧ್ಯಾಹ್ನ ನಿದ್ದೆ ಹೋದಾಗ ಅವಳು ಒಂದೊಂದೇ ಶರ್ಟನ್ನು ಎರಡೂ ಪಕ್ಕಕ್ಕೆ ಒಳಗೆ ಹಿಡಿದು ಹೊಲಿದಳು. ಜೀವಮಾನವಿಡೀ ಅವಳು ಹೊಲಿದದ್ದು ಗುಂಡಿ ಮಾತ್ರ. ಆ ಅಭ್ಯಾಸದಲ್ಲೇ ದಾರವನ್ನು ಜೋಡಿ ಮಾಡಿ, ದಪ್ಪ ದಪ್ಪ ಗಂಟು ಹಾಕಿ ಬಿಗಿದಳು.

"ನೋಡ್ರೀ, ಶರ್ಟು ಮೈಗೆ ಹಿಡೀತಿದೆ. ತುಂಬ್ಕೊಂಡಿದ್ದೀರಿ."

ಅವನು ಕನ್ನಡಿಯ ಮುಂದೆ ತುಂಬಾ ಹೊತ್ತು ನಿಂತ. "ಹ್ಞೂಂ. ಹಾಗೇ ಕಾಣತ್ತೆ," ಎಂದ. ಆಮೇಲೆ, "ಪಕ್ಕದಲ್ಲೇನೋ ಚುಚ್ಚತ್ತೆ ಕಣೇ."

"ಔಷಧಿಗೆ ಚರ್ಮ ಹಾಗಾಗಿದೆ."

ಕೆಲ ದಿನಗಳಲ್ಲಿ ಚುಚ್ಚುತ್ತದೆ ಅನ್ನುವುದನ್ನು ನಿಲ್ಲಿಸಿದ. ಟೇಲರಿಗೇ ಟೋಪಿ ಹಾಕಿದೆ ಎಂದು ಅವಳಿಗೆ ಸಮಾಧಾನ, ಅದರ ಹಿಂದೆಯೇ ಅಳು. ಒಗೆಯುವಾಗಲೂ ಆ ಜಾಗ ನೋಡುತ್ತಿರಲಿಲ್ಲ. ತನ್ನ ಸುಳ್ಳನ್ನು ಯಾರು ತಿರುಗಿ ನೋಡುತ್ತಾರೆ?

ಒಂದು ದಿನ ಔಷಧಿ ತೆಗೆದುಕೊಂಡು ಬಂದಾಗ ಅವನ ತೊಡೆಯ ಮೇಲೆ ಒಂದೆಳೆ ದಾರ ಬಿದ್ದಿತ್ತು.

"ಇದೇನ್ರೀ ದಾರ?"

"ಟೇಲರ್ ಮೈಮೇಲೆ ದಾರ ಇರದೆ ಮೀನಿನ ಮುಳ್ಳಿರತ್ತಾ?" ಎಂದು ನಕ್ಕು ಕೆಮ್ಮಿದ.

*

ಅತ್ತಿಗೆ ಅವಳ ಮುಷ್ಟಿ ಬಿಡಿಸಿ ಕೀ ಕಿತ್ತುಕೊಂಡಳು. ಬೀರು ತೆರೆಯಿತು. ಎಲ್ಲಕ್ಕಿಂತ ಕೆಳಗೆ ಮಡಚಿಟ್ಟಿದ್ದ ಬಿಳಿ ಶರ್ಟನ್ನು ಎಳೆದು ಇಸ್ತ್ರಿಯವನ ಕೈಗೆ ಹಾಕಿ, "ಬೇಗ," ಎಂದಳು.

ಅವನಿಗೋ ಒಳಮೈಯಿಂದ ಶುರುಮಾಡುವ ರೂಢಿ. ತಂದಿದ್ದ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಕೋಣೆಯಲ್ಲಿದ್ದ ಮೇಜಿನ ಮೇಲೆ ಶರ್ಟು ತಿರುವಿದ. ಟೇಲರನ ಹೆಂಡತಿ ಓಡಿಬಂದು ಅದರ ಮೇಲೆ ಎರಡೂ ಕೈ ಊರಿದಳು.

"ಬೇಡ! ಹೊರಗಡೆಯಿಂದ ಮಾಡು ಸಾಕು."

"ಕೈ ತೆಗೀರಿ ಅಕ್ಕಾ, ಸುಟ್ಟೀತು."

"ಏನಿದೆ ಅದರಲ್ಲಿ?" ಅತ್ತಿಗೆ ಹತ್ತಿರ ಬಂದಳು.

ಬಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. "ನಾನೇ ಅತ್ತಿಗೆ. ಅವರು ಸೊರಗಿದ್ದು ಅವರಿಗೆ ಗೊತ್ತಾಗಬಾರ್ದು ಅಂತ ಒಳಗೆ ಹಿಡಿದು ಹೊಲಿದೆ. ಮೋಸಾನೇ ಮಾಡಿದೆ."

ಇಸ್ತ್ರಿಯವನು ಅಂಗೈಯಿಂದ ಬಟ್ಟೆ ಸವರುತ್ತಿದ್ದವನು, "ಅಯ್ಯೋ!" ಎಂದು ಬೆರಳು ಬಾಯಿಗಿಟ್ಟುಕೊಂಡ. "ಸೂಜಿ ಬಿಟ್ಟಿದ್ದೀರಲ್ಲ ಅಕ್ಕಾ!"

"ನಾನು ಸೂಜಿ ಬಿಟ್ಟಿಲ್ಲ."

ಅವಳು ಬಗ್ಗಿ ನೋಡಿದಳು. ಕಂಕುಳಿನಿಂದ ಅರ್ಧದವರೆಗೆ ಅವಳ ಗಂಟುಗಳಿರಲಿಲ್ಲ. ಒಂಟಿ ದಾರದಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ, ಉಲ್ಟಾ ವಾಲಿದ ಹೊಲಿಗೆ. ಅರ್ಧದಲ್ಲಿ ನಿಂತ ಸೂಜಿ. ಅಲ್ಲಿಂದಾಚೆ ಅವಳ ದಪ್ಪ ಗಂಟುಗಳು.

ಬೀರುವಿನಿಂದ ಇನ್ನೊಂದು ಶರ್ಟು ಎಳೆದು ತಿರುವಿದಳು. ಎರಡೂ ಪಕ್ಕ ವಾಲಿದ ಹೊಲಿಗೆ. ಮತ್ತೊಂದು. ಅದರಲ್ಲೂ ಅದೇ. ಅವಳು ಹಿಡಿದ ಅಳತೆಯನ್ನು ಅವನು ಎಲ್ಲಿಯೂ ಬದಲಿಸಿರಲಿಲ್ಲ.

ಅತ್ತಿಗೆ ಆ ಸಾಲಿನ ಮೇಲೆ ಬೆರಳಾಡಿಸಿದಳು. "ಕಳ್ಳ," ಎಂದಳು.

ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಯಾರೋ, "ಆಯ್ತೇನ್ರಮ್ಮಾ?" ಎಂದು ಕೂಗಿದರು.

"ಆಗಿಲ್ಲ! ಕಾಯಕ್ಕೆ ಹೇಳೋ ಅವರಿಗೆ," ಎಂದು ಅತ್ತಿಗೆ ಇಸ್ತ್ರಿಯವನನ್ನು ಗದರಿ, ನೆಲದ ಮೇಲೆ ಕೂತು, ಶರ್ಟಿನ ತುದಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದಳು.

ಟೇಲರನ ಹೆಂಡತಿ ಎದುರಿಗೆ ಕೂತಳು. ತನ್ನ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಆಮೇಲೆ, ಅವನು ನಿಲ್ಲಿಸಿದ ಕಡೆಯಿಂದ ಹೊಲಿಯಲು, ಸೂಜಿಯನ್ನು ಎಡಗೈಗೆ ತೆಗೆದುಕೊಂಡಳು.