ಮಳೆ ಹೊಡೆದ ನೀರು

ಮಳೆ ಶುರುವಾದರೆ ಲೋಕವೆಲ್ಲ ಸೂರು ಹುಡುಕಿ ಓಡುತ್ತದೆ. ನಮ್ಮ ನಕ್ಷೆಯ ಸಾಹೇಬರು ಮಾತ್ರ ಮಡಚಿದ ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು, ರಸ್ತೆಯ ಹೊಂಡವೊಂದರ ಮುಂದೆ ಬಗ್ಗಿ ನಿಲ್ಲುತ್ತಾರೆ. ಹನಿ ಬಿದ್ದಲ್ಲೆಲ್ಲ ಬಳೆಯಂಥ ಅಲೆಗಳು ಎದ್ದು ಒಂದನ್ನೊಂದು ಮುರಿಯುವುದನ್ನು, ಬೂದು ಕೋಟು ತೊಯ್ದು ತೊಪ್ಪೆಯಾಗುವವರೆಗೂ ನೋಡುತ್ತಾರೆ. ಬೀದಿಯವರು ‘ಹೊಂಡದ ಮಾವ’ ಎಂದು ಹೆಸರಿಟ್ಟಿದ್ದಾರೆ. ಅವರಿಗದು ಗೊತ್ತು, ಬೇಸರವೇನೂ ಇಲ್ಲ.

ಒಂದು ಕಾಲದಲ್ಲಿ ಅವರ ಅಡ್ಡಹೆಸರು ಬೇರೆಯೇ ಇತ್ತು. ನೆರೆ ಬಂದಾಗ ಉಪಗ್ರಹದ ರೇಡಾರ್ ಚಿತ್ರ ನೋಡಿ, ಎಲ್ಲಿ ನೀರು, ಎಲ್ಲಿ ನೆಲ ಎಂದು ಗುರುತಿಸಿ, ದೋಣಿಗಳಿಗೆ ದಿಕ್ಕು ತೋರಿಸುವ ಕಚೇರಿಯಲ್ಲಿ ಅವರದೇ ಕೊನೆಯ ಮಾತು. ಕುರ್ಚಿಯ ತುದಿಯಲ್ಲಿ ಕೂತು, ಕನ್ನಡಕವನ್ನು ಹಣೆಗೇರಿಸಿ, “ಅನುಮಾನವೇ ಬೇಡ” ಎಂದರೆ ಮುಗಿಯಿತು. ಬೆನ್ನ ಹಿಂದೆ ಅವರನ್ನು ಕರೆಯುತ್ತಿದ್ದುದೂ ‘ಅನುಮಾನವೇ ಬೇಡ’ ಎಂದೇ. ನಿಶ್ಚಲವಾದ ನೀರು ರೇಡಾರಿನ ಕಿರಣವನ್ನು ಆಚೆಗೆ ಜಾರಿಸಿಬಿಡುವುದರಿಂದ ಚಿತ್ರದಲ್ಲಿ ಕಪ್ಪಗಿರುತ್ತದೆ. ಜಡಿಮಳೆಗೆ ಮೈ ಒರಟಾದ ನೀರು ಅದೇ ಕಿರಣವನ್ನು ಹಿಂದಕ್ಕೆ ಎರಚಿ, ಒಣನೆಲದಂತೆ ಬೆಳ್ಳಗೆ ಕಂಡುಬಿಡಬಹುದು. ಹೊಸಬರಿಗೆಲ್ಲ ಇದನ್ನು ಹೇಳಿಕೊಟ್ಟವರೇ ಅವರು.

ಒಂದು ನೆರೆಯ ಬೆಳಿಗ್ಗೆ ಚಿತ್ರದಲ್ಲಿ ಅವರ ಅಕ್ಕನ ಬೀದಿ ಬೆಳ್ಳಗೆ ಕಂಡಿತು. ಅಕ್ಕ, ಹಾಸಿಗೆ ಹಿಡಿದ ಭಾವ, ಇಬ್ಬರೇ ಆ ಮನೆಯಲ್ಲಿ. ಹಿಂದಿನ ದಿನದಿಂದ ಫೋನ್ ಸತ್ತಿತ್ತು. “ಅಲ್ಲಿ ಮಳೆ ಜಡೀತಾ ಇದ್ಯಂತೆ, ಸರ್” ಎಂದು ದೋಣಿಗಳ ಮೇಲ್ವಿಚಾರಕ ಅಂದದ್ದು ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. “ನೀರು ಇಳಿದಿದೆ, ಅನುಮಾನವೇ ಬೇಡ” ಎಂಬ ಅವರ ಮಾತಿನಲ್ಲಿ ವಿದ್ಯೆಗಿಂತ ಆಸೆಯೇ ಹೆಚ್ಚಿತ್ತು. ದೋಣಿಗಳು ಬೇರೆ ಕಡೆ ಹೋದವು. ಸಂಜೆ ಅವು ಆ ಬೀದಿಗೆ ಬಂದಾಗ ಅಕ್ಕ ತಾರಸಿಯ ಮೇಲೆ ಒಬ್ಬರೇ ಇದ್ದರು. ಭಾವನನ್ನು ಹೊತ್ತು ಮೆಟ್ಟಿಲು ಹತ್ತುವುದು ಅವರ ಕೈಲಾಗಿರಲಿಲ್ಲ.

ಅಕ್ಕ ಈಗ ತಮ್ಮನ ಮನೆಯಲ್ಲೇ ಇದ್ದಾರೆ. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಸಾಹೇಬರು ಹೇಗೋ ಬದುಕಿಕೊಳ್ಳುತ್ತಿದ್ದರು. ಒಮ್ಮೆ ಮಾತ್ರ ಅಕ್ಕ ಒಗೆದ ಬಟ್ಟೆ ಮಡಚುತ್ತಾ ಕೇಳಿದರು: “ಅಷ್ಟು ಮೇಲಿಂದ ನೋಡಿದ್ರೂ ನಾವು ಕಾಣ್ಲಿಲ್ವೇನೋ?”

ಸಾಹೇಬರು ಮಳೆಯ ವಿಷಯ, ಕಿರಣದ ವಿಷಯ, ಮೋಸ ಮಾಡುವ ಬಿಳುಪಿನ ವಿಷಯ ಎಲ್ಲವನ್ನೂ ಬಿಡಿಸಿ ಹೇಳಿದರು. ಅಕ್ಕ ಪೂರ್ತಿ ಕೇಳಿಸಿಕೊಂಡರು.

“ಹಾಗಾದ್ರೆ ನಿಂಗೆ ಗೊತ್ತಿತ್ತು” ಎಂದರು.

ದೂರದಿಂದ ನೋಡುವುದನ್ನೇ ಕಸುಬು ಮಾಡಿಕೊಂಡವರ ಪಾಡು ಇದು. ತಿಳಿಯದೆ ತಪ್ಪಿದವನು ತಿಳಿದಿರಲಿಲ್ಲ ಎಂದಾದರೂ ಹೇಳಿ ಅಳಬಹುದು. ಬಲ್ಲವನಿಗೆ ಆ ಮಾತೂ ಉಳಿಯುವುದಿಲ್ಲ. ಇಂಥವರು ಮತ್ತೆ ಕಚೇರಿಗೆ ಹೋಗುತ್ತಾರೆ, ಪರದೆಯ ಮುಂದೆ ಕೂರುತ್ತಾರೆ, ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರವನ್ನೇ ಕೊಡುತ್ತಾರೆ. ಅದು ಬೇಕಾಗಿದ್ದ ಒಬ್ಬನೇ ಒಬ್ಬನು ಮಾತ್ರ ಕೇಳಲು ಇರುವುದಿಲ್ಲ.