ಕ್ಲಚ್ಚಿನ ಮೇಲೆ ಎರಡು ಬೆರಳು

ದಿಬ್ಬದಿಂದ ಹಾರಿದ ಬೈಕು ಗಾಳಿಯಲ್ಲೇ ಆಫ್ ಆಯಿತು. ಮೂತಿ ಕೆಳಗಾಯಿತು, ಮುಂದಿನ ಚಕ್ರ ಮೊದಲು ನೆಲ ಕಂಡಿತು, ಹಿಂದಿನದು ಉರುಳದೆ ಮಣ್ಣು ಗೀರಿತು. ತಂಗಿ ಹೋಗಿ ಹಳೆ ಟೈರುಗಳ ರಾಶಿಗೆ ಬಿದ್ದಳು.

ಅಣ್ಣ ಬೇಲಿ ಬಿಟ್ಟು ಕದಲಲಿಲ್ಲ. "ಏಳಿ ಮಹಾರಾಣಿಯವರೇ. ಗಾಡಿಗೇನಾದ್ರೂ ಆಯ್ತಾ ನೋಡಿ ಮೊದ್ಲು. ಇನ್ನೊಂದ್ಸಲ ಆಫ್ ಮಾಡಿದ್ರೆ ನಾಳೆ ರೇಸಿಗೆ ನಾನೇ ಇಳೀತೀನಿ."

ಅವನ ಜಾಕೆಟ್ಟಿನ ಜಿಪ್ಪು ಹೊಟ್ಟೆಯ ಹತ್ತಿರ ಬಂದು ಸೋತು ನಿಂತಿತ್ತು. ಅವಳು ಅದನ್ನೇ ನೋಡಿದಳು.

ಮನೆಯ ಗ್ಯಾರೇಜಿಗೆ ಇದ್ದದ್ದು ಒಂದೇ ಬೈಕು, ರೇಸಿನಲ್ಲಿ ಒಂದೇ ಜಾಗ. ಅದು ಯಾರಿಗೆ ಎನ್ನುವುದು ಅಣ್ಣನ ತೀರ್ಮಾನ. ಹಾರುವಾಗ ಮೂತಿ ಮೇಲೆದ್ದರೆ ಹಿಂದಿನ ಬ್ರೇಕು ಒತ್ತಬೇಕು ಎಂದು ಕಲಿಸಿದವನೂ ಅವನೇ. ಆದರೆ ಕ್ಲಚ್ಚು ಮುಟ್ಟುವಂತಿಲ್ಲ. ಅಪ್ಪ ಹ್ಯಾಂಡಲಿನ ಹಿಡಿಯನ್ನು ಐದೂ ಬೆರಳಲ್ಲಿ ಹಿಡಿಯುತ್ತಿದ್ದನಂತೆ. ಕ್ಲಚ್ಚಿಗೆ ಬೆರಳಿಡುವವರು ಪುಕ್ಕಲರಂತೆ. ಕ್ಲಚ್ಚೆಳೆಯದೆ ಬ್ರೇಕು ಒತ್ತಿದರೆ ನಿಂತ ಚಕ್ರ ಎಂಜಿನ್ನನ್ನೂ ನಿಲ್ಲಿಸುತ್ತದೆ ಎಂದು ಅವಳು ಒಮ್ಮೆ ಹೇಳಿ ನೋಡಿದ್ದಳು. "ಯಾರಿಗೆ ಯಾರು ಕಲಿಸಿದ್ದು?" ಎಂದು ನಕ್ಕಿದ್ದ.

"ಗಾಡಿ ಕೊಡಿಲ್ಲಿ. ಕಣ್ಬಿಟ್ಟು ನೋಡು."

ಅಣ್ಣ ಬೈಕು ಹತ್ತಿ ಅದೇ ದಿಬ್ಬದಿಂದ ಹಾರಿದ. ಐದೂ ಬೆರಳು ಹಿಡಿಯ ಮೇಲೆ, ಕಾಲು ಬ್ರೇಕಿನ ಮೇಲೆ. ಎಂಜಿನ್ನಿನ ಸದ್ದು ನಿಂತಿತು. ಅವನು ಮರಳಿನಲ್ಲಿ ಕುಂಡಿಯೂರಿ ಕುಳಿತದ್ದನ್ನು ಅವಳು ಕಣ್ಬಿಟ್ಟೇ ನೋಡಿದಳು.

"ಸ್ಪಾರ್ಕ್ ಪ್ಲಗ್ಗು ಹೋಗಿದೆ," ಎಂದ, ಚಡ್ಡಿಯೊಳಗಿನ ಮರಳು ಕೊಡವುತ್ತ.

ಬಿಚ್ಚಿದ ಪ್ಲಗ್ಗು ಒಣಗಿಕೊಂಡು ಕಂದು ಬಣ್ಣಕ್ಕಿತ್ತು, ಚೆನ್ನಾಗಿರುವ ಪ್ಲಗ್ಗು ಇರಬೇಕಾದ ಹಾಗೆಯೇ, ಯಾವ ರೋಗವೂ ಇಲ್ಲದೆ. ಅಣ್ಣ ಅದಕ್ಕೆ ಉಗಿದು ಹೊಸದು ಹಾಕಿದ. ಅವಳು ಸ್ಪ್ಯಾನರ್ ಎತ್ತಿಕೊಟ್ಟಳು. ಒಂದು ಕಾಲಕ್ಕೆ ಇವನಂತೆ ಓಡಿಸಬೇಕೆಂದು ಆಸೆಪಟ್ಟಿದ್ದು ನೆನಪಾಯಿತು.

ಮತ್ತೆ ಬೈಕು ಹತ್ತಿದ ಅವಳು ಈ ಸಲ ಎರಡು ಬೆರಳನ್ನು ಕ್ಲಚ್ಚಿನ ಮೇಲಿಟ್ಟಳು. ದಿಬ್ಬ ಬಿಟ್ಟದ್ದೇ ಕ್ಲಚ್ಚೆಳೆದು ಬ್ರೇಕು ತಟ್ಟಿದಳು. ಮೂತಿ ಇಳಿಯಿತು, ಎಂಜಿನ್ನು ಗುಡುಗುಡು ಎನ್ನುತ್ತಲೇ ಇತ್ತು. ಎರಡೂ ಚಕ್ರ ಒಟ್ಟಿಗೆ ನೆಲಕ್ಕಿಳಿದವು.

"ನೋಡಿದ್ಯಾ? ಪ್ಲಗ್ಗೇ," ಎಂದ ಅಣ್ಣ, ಎದೆಯುಬ್ಬಿಸಿ.

ಅವನೊಂದಿಗೆ ವಾದ ಮಾಡುವಷ್ಟು ಮರ್ಯಾದೆಯೂ ಅವಳಲ್ಲಿ ಅವನ ಬಗ್ಗೆ ಉಳಿದಿರಲಿಲ್ಲ.

"ಹೌದಣ್ಣ. ಪ್ಲಗ್ಗೇ."

"ಸರಿ, ನಾಳೆ ನೀನೇ ಓಡ್ಸು. ಬೆರಳು ಮಾತ್ರ..."

"ಐದೂ ಹಿಡಿ ಮೇಲೇ," ಎಂದಳು, ಆ ಎರಡು ಬೆರಳನ್ನು ಕ್ಲಚ್ಚಿನ ಮೇಲಿಂದ ತೆಗೆಯದೆ.