ದೀಡ ನೂರು

ಮಲ್ಲೇಶ್ವರಿ ಶಹಾಪುರದ ಹುಡುಗನೊಬ್ಬನ ಮುಂದಿನ ಹಲ್ಲುಗಳನ್ನು ಉದುರಿಸಿದ್ದಾಳೆಂಬ ಸುದ್ದಿ ಬಂದಾಗ ಅವಳ ತಾಯಿ ಹಣಮಂತಮ್ಮ ರೊಟ್ಟಿ ಬಡಿಯುತ್ತಿದ್ದಳು. ಸುದ್ದಿ ತಂದವರು ಹೈಸ್ಕೂಲಿನ ಹೆಡ್‌ಮಾಸ್ತರ ಬಸವಂತ್ರಾಯರು. ಸುರಪುರದಿಂದ ಕೃಷ್ಣೆಯ ದಂಡೆಯ ಆ ಊರಿಗೆ ಮೋಟಾರ್ ಸೈಕಲ್ ಮೇಲೆ ಬಂದು, ಅಂಗಳದಲ್ಲಿ ಒಣಗಲು ಹರವಿದ್ದ ಬಲೆಯನ್ನು ಸುತ್ತುಹಾಕಿ ಹೊಸ್ತಿಲ ಹೊರಗೇ ನಿಂತರು.

"ಜಿಲ್ಲಾ ಕ್ವಿಜ್‌ನ್ಯಾಗ ನಿಮ್ಮ ಮಗಳು ಫಸ್ಟ್ ಬಂದಾಳ್ರಿ," ಎಂದರು. "ಸರ್ಟಿಫಿಕೇಟ್ ಕೈಯಾಗ ಹಿಡಕೊಂಡು ಹೊರಗ ಬಂದು, ಎರಡನೇ ಬಂದ ಹುಡುಗನ ಬಾಯಿಗಿ ಗುದ್ಯಾಳ. ಬಾಲರಾಜ ಅಂತ ಅವನ ಹೆಸರು. ಈಕಿ ಮೈಯೆಲ್ಲ ಮೀನದ ವಾಸನಿ ಬರತದ ಅಂದನಂತ."

ಹಣಮಂತಮ್ಮ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಎದ್ದು ಬಂದಳು.

"ಅವನ ಸೋದರಮಾವ ಅಂಬಣ್ಣ ಪೊಲೀಸ್ ಸ್ಟೇಷನ್ನಿಗಿ ಹೊಂಟಿದ್ದ. ನಾ ಕೈಮುಗದು ನಿಲ್ಲಿಸೀನಿ. ರಾಜ್ಯಮಟ್ಟದ್ದು ಈ ಸಲ ನಮ್ಮ ಯಾದಗಿರಿಯಾಗ ನಡೀತದ. ನಮ್ಮ ಜಿಲ್ಲಾದಿಂದ ಎರಡು ತಂಡ, ಅವನೂ ಬರಾಂವ, ಈಕಿನೂ ಬರಾಕಿ. ಅಲ್ಲಿ ಇನ್ನೊಮ್ಮಿ ಕೈ ಎತ್ತಿದಳಂದ್ರ ಟಿಸಿ ಬರದು ಕೊಡೂದ ನೋಡ್ರಿ. ಎಸ್ಸೆಸ್ಸೆಲ್ಸಿ ಪರೀಕ್ಷಾನೂ ಹೋತು, ಎಲ್ಲಾನೂ ಹೋತು. ನೀವೂ ಬರ್ರಿ. ಮುಂದಿನ ಸಾಲಿನ್ಯಾಗ ಕುಂದರ್ರಿ. ನಿಮ್ಮ ಮಾರಿ ಕಂಡ್ರ ಆಕಿ ತಡೀತಾಳ."

"ಬರ್ತೀನ್ರಿ. ಹೇಳ್ತೀನ್ರಿ ಆಕಿಗಿ," ಎಂದಳು ಹಣಮಂತಮ್ಮ.

ಹೇಳುತ್ತೇನೆ ಎಂದು ಹೇಳಿಬಿಟ್ಟಳು. ಆದರೆ ಯಾವ ಬಾಯಿಂದ ಹೇಳಬೇಕು? ಮಗಳ ಆ ಕೈಯಿಂದಲೇ ತಾನು ಇವತ್ತು ನೆಟ್ಟಗೆ ನಿಂತಿರುವುದು.

ಗಂಡ ಗುರಪ್ಪ ಹರಿಗೋಲು ಹಾಕಿ ಮೀನು ಹಿಡಿಯುವವನು. ಕುಡಿದಾಗ ಹೊಡೆಯುತ್ತಿದ್ದ, ಕುಡಿಯದಿದ್ದಾಗಲೂ ಹೊಡೆಯುತ್ತಿದ್ದ. ಬಲೆ ಹರಿದರೆ ಹೊಡೆತ, ಬಲೆ ತುಂಬಿದರೆ ಕುಡಿತ, ಕುಡಿದ ಮೇಲೆ ಹೊಡೆತ. ಹಣಮಂತಮ್ಮ ಒಂದು ದಿನವೂ ತಿರುಗಿ ಬಿದ್ದವಳಲ್ಲ. ಏಟು ಬೀಳುವಾಗ ಒಲೆಯ ಮೇಲಿನ ಗಡಿಗೆ ಉರುಳದಂತೆ ಒಂದು ಕೈ ಅಡ್ಡ ಹಿಡಿಯುತ್ತಿದ್ದಳು, ಅಷ್ಟೇ. ಓಣಿಯವರು ಅವಳ ತಾಳ್ಮೆಯನ್ನು ಹೊಗಳುತ್ತಿದ್ದರು. ಒಂದು ಮಧ್ಯಾಹ್ನ ಗುರಪ್ಪ ಅವಳ ಕೂದಲು ಹಿಡಿದು ನದಿಗೆ ಎಳೆದುಕೊಂಡು ಹೋಗಿ ತಲೆಯನ್ನು ನೀರಿನಲ್ಲಿ ಅದುಮಿದ. ಮೂಗಿನಲ್ಲಿ ಕೆಸರು ನುಗ್ಗಿತು. ಇನ್ನು ಮುಗಿಯಿತು ಅಂದುಕೊಳ್ಳುವಾಗ ಆ ಹಿಡಿತ ಸಡಿಲಾಯಿತು. ಕೆಮ್ಮುತ್ತ ತಲೆ ಎತ್ತಿ ನೋಡಿದರೆ ಆಗ ಆರನೇ ತರಗತಿಯಲ್ಲಿದ್ದ ಮಲ್ಲಿ ಹರಿಗೋಲಿನ ಹುಟ್ಟು ಹಿಡಿದು ನಿಂತಿದ್ದಳು. ಗುರಪ್ಪ ಕೆಸರಿನಲ್ಲಿ ಬಿದ್ದು ಮೊಣಕಾಲು ಹಿಡಿದುಕೊಂಡು ಒರಲುತ್ತಿದ್ದ. ಹುಡುಗಿ ಇನ್ನೊಮ್ಮೆ ಅದೇ ಮೊಣಕಾಲಿಗೆ ಹೊಡೆದಳು. ಒಣ ಕಟ್ಟಿಗೆ ಮುರಿದಂಥ ಸಪ್ಪಳ ಬಂತು.

ಅಂದಿನಿಂದ ಗುರಪ್ಪ ಕುಂಟುತ್ತಾನೆ. ಹೆಂಡತಿಯ ಮೇಲೆ ಕೈ ಮಾಡಿಲ್ಲ. ಹಣಮಂತಮ್ಮನ ಮೈಮೇಲಿನ ಕಲೆಗಳು ಮಾಸಿವೆ. ಈಗ ಆ ಕೈಯನ್ನೇ ತಾನು ಕಟ್ಟಿಹಾಕಬೇಕಿತ್ತು.

ಯಾದಗಿರಿಗೆ ಹೊರಡುವ ಬೆಳಿಗ್ಗೆ ಮಗಳಿಗೆ ಎಣ್ಣೆ ಹಚ್ಚಿ ಹೆಣಲು ಹಾಕುತ್ತ ಮಾತು ತೆಗೆದಳು.

"ಮಲ್ಲಿ, ಇವತ್ತ ಯಾರ ಮೈಮ್ಯಾಲೂ ಕೈ ಮಾಡಬ್ಯಾಡಬೇ."

"ಬೈದ್ರ?"

"ಬೈಸ್ಕೋ."

"ಹೊಡದ್ರ?"

ಹಣಿಗೆ ಕೂದಲಿನ ನಡುವೆ ನಿಂತಿತು. "ಹೊಡಸ್ಕೋ. ನನ್ನ ಆಣಿ ಐತಿ."

"ನೀ ಹೊಡಸ್ಕೊಂಡಂಗೇನು?"

ಹಣಮಂತಮ್ಮ ಹೆಣಲನ್ನು ಇನ್ನಷ್ಟು ಬಿಗಿದು ರಿಬ್ಬನ್ ಕಟ್ಟಿದಳು. ಸ್ಟೀಲಿನ ದೊಡ್ಡ ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ ತುಂಬಿ ಅರಿವೆಯಲ್ಲಿ ಗಂಟು ಕಟ್ಟಿಕೊಂಡಳು. ಸುರಪುರದಲ್ಲಿ ಹೆಡ್‌ಮಾಸ್ತರರೂ ಮಲ್ಲಿಯ ತಂಡದ ಜೊತೆಗಾತಿ ಹಬೀಬಾಳೂ ಬಸ್ಸು ಹತ್ತಿದರು. ಹಬೀಬಾ ದಾರಿಯುದ್ದಕ್ಕೂ ದೇಶಗಳ ರಾಜಧಾನಿ ಕೇಳುತ್ತ ಹೋದಳು. ಶಹಾಪುರ ದಾಟುವಾಗ ಮಾತ್ರ ಮಲ್ಲಿ ಕಿಟಕಿಯ ಹೊರಗೆ ನೋಡಿದಳು.

ಸ್ಪರ್ಧೆ ಒಂದು ಕಲ್ಯಾಣ ಮಂಟಪದಲ್ಲಿ. ಮಧ್ಯಾಹ್ನದ ಹೊತ್ತಿಗೆ ನಾಲ್ಕು ತಂಡಗಳು ಉಳಿದವು. ಎರಡು ದಕ್ಷಿಣದ ಜಿಲ್ಲೆಗಳವು, ಒಂದು ಮಲ್ಲಿ ಮತ್ತು ಹಬೀಬಾಳದು, ಇನ್ನೊಂದು ಬಾಲರಾಜನದು. ಹಿಂದಿನ ಅರ್ಧ ಹಾಲ್ ಸುರಪುರದ ಹುಡುಗರಿಂದಲೂ ಶಹಾಪುರದ ಹುಡುಗರಿಂದಲೂ ತುಂಬಿ, ಒಂದು ಕಡೆಯವರು ಸಿಳ್ಳೆ ಹೊಡೆದರೆ ಇನ್ನೊಂದು ಕಡೆಯವರು ಕುರ್ಚಿ ಬಡಿಯುತ್ತಿದ್ದರು. ಬಾಲರಾಜ ಹೊಸದಾಗಿ ಕಟ್ಟಿಸಿದ ಹಲ್ಲು ಕಾಣದಂತೆ ತುಟಿ ಬಿಗಿದು ಕುಳಿತಿದ್ದ.

"ಅವನ ಬಾಯಿ ಕಡಿ ನೋಡಬ್ಯಾಡಲೇ," ಎಂದು ಹಬೀಬಾ ಮಲ್ಲಿಯ ಕಿವಿಯಲ್ಲಿ ಅಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. "ನಗಿ ಬರತದ."

ಹಣಮಂತಮ್ಮನ ಬೆನ್ನ ಹಿಂದೆಯೇ ಅಂಬಣ್ಣ ಕುಳಿತಿದ್ದ. ಎತ್ತರದ ಆಳು, ಕೊರಳಲ್ಲಿ ಕೇಸರಿ ಶಲ್ಯ. ಮುಂದೆ ಬಾಗಿ ಕೇಳಿದ. "ಯಕ್ಕಾ, ಗಂಟಿನ್ಯಾಗ ಏನೈತಿ? ಮೀನೇನು?"

"ರೊಟ್ಟಿ ಐತ್ರಿ. ಶೇಂಗಾ ಹಿಂಡಿ ಐತಿ. ಕೊಡ್ಲೇನು?"

ಅಂಬಣ್ಣನ ಪಕ್ಕದವರು ನಕ್ಕರು. ಅವನು ನಗಲಿಲ್ಲ. "ನಿನ್ನ ಮಗಳಿಗಿ ಹೇಳು. ಇವತ್ತ ನಮ್ಮ ಹುಡುಗ ಒಬ್ಬನ ಬಂದಿಲ್ಲ."

ಕೊನೆಯ ಸುತ್ತು ಗಣಿತದ್ದು. ಗುಂಡಿ ಮೊದಲು ಒತ್ತಿದವರು ಉತ್ತರಿಸಬೇಕು, ಬಾಯಿಂದ ಬಂದ ಮೊದಲ ಉತ್ತರವೇ ಅಂತಿಮ. ಪ್ರಶ್ನೆ ಕೇಳುವವರು ಬೆಂಗಳೂರಿನ ಕಡೆಯವರು, ಮೆತ್ತಗಿನ ಮಾತಿನ ಸಜ್ಜನರು. ಮಲ್ಲಿಯ ತಂಡವೂ ಬಾಲರಾಜನ ತಂಡವೂ ಸಮವಾಗಿದ್ದವು.

"ಆರು ನೂರರ ಕಾಲು ಭಾಗ ಎಷ್ಟು?"

ಮಲ್ಲಿಯ ಗುಂಡಿ ಕೂಗಿತು. "ದೀಡ ನೂರ್ರಿ!"

ಈ ಕಡೆ ಒಂದೂವರೆಗೆ ಯಾರೂ ಒಂದೂವರೆ ಅನ್ನುವುದಿಲ್ಲ. ದೀಡ ಕಿಲೋ ಮೀನು, ದೀಡ ತಾಸು ದಾರಿ. ನೂರೈವತ್ತು ಅಂದರೆ ದೀಡ ನೂರು. ಸಂತೆಯಲ್ಲಿ ತಾಯಿಯ ಮೀನಿನ ಬುಟ್ಟಿಯ ಪಕ್ಕ ಕುಳಿತು ಮಲ್ಲಿ ಲೆಕ್ಕ ಕಲಿತದ್ದೇ ಆ ಮಾತಿನಲ್ಲಿ. ಪ್ರಶ್ನೆ ಕೇಳಿದವರು ಕಿವಿ ಮುಂದೆ ಮಾಡಿದರು.

"ಎರಡು ನೂರು? ತಪ್ಪು ಉತ್ತರ, ಅಮ್ಮಾ."

"ಎರಡಲ್ರಿ ಸರ್! ದೀಡ! ದೀಡ ನೂರು!"

"ಮೊದಲು ಹೇಳಿದ್ದೇ ಲೆಕ್ಕ. ಪ್ರಶ್ನೆ ಮುಂದಿನ ತಂಡಕ್ಕೆ."

ಮುಂದಿನ ತಂಡ ಬಾಲರಾಜನದು. ಅವನು ಒಮ್ಮೆ ಮಾವನ ಕಡೆ ನೋಡಿದ. ಆಮೇಲೆ ಪುಸ್ತಕ ಓದುವವನಂತೆ, "ನೂರ ಐವತ್ತು, ಸರ್," ಎಂದ.

"ಸರಿಯಾದ ಉತ್ತರ!"

ಅಲ್ಲಿದ್ದ ಸುರಪುರದವರಿಗೂ ಶಹಾಪುರದವರಿಗೂ ಎರಡೂ ಒಂದೇ ಉತ್ತರವೆಂದು ಗೊತ್ತಿತ್ತು. ಪ್ರಶ್ನೆ ಕೇಳಿದವರಿಗೆ ಗೊತ್ತಿರಲಿಲ್ಲ.

ಮಲ್ಲಿ ಎದ್ದು ನಿಂತಳು. "ಏ ಬಾಲ್ಯಾ, ನಿಮ್ಮ ಮನ್ಯಾಗ ದೀಡಕ್ಕ ಏನಂತಾರಲೇ?"

"ನಮ್ಮ ಮನ್ಯಾಗ ಕನ್ನಡ ಮಾತಾಡ್ತಾರ," ಎಂದ ಬಾಲರಾಜ. "ಮೀನದ ಭಾಷಾ ನಮಗ ಬರಂಗಿಲ್ಲ."

ಹಿಂದಿನಿಂದ ನೀರಿನ ಬಾಟಲಿಯೊಂದು ಹಾರಿ ಬಂದು ಅವನ ಕಿವಿಗೆ ಬಡಿಯಿತು. ಅದರ ಬೆನ್ನಿಗೇ ಕುರ್ಚಿ ಹಾರಿತು. ಮುಂದೆ ಯಾರು ಯಾರನ್ನು ಹೊಡೆದರು ಎಂಬುದು ಯಾರಿಗೂ ತಿಳಿಯುವಂತಿರಲಿಲ್ಲ. ಶಹಾಪುರದ ಹುಡುಗನೊಬ್ಬ ಸುರಪುರದ ಹುಡುಗನ ತಲೆಯನ್ನು ಕಂಬಕ್ಕೆ ಜಜ್ಜಿದ. ಹಾಗೆ ಜಜ್ಜಿದವನ ಮುಖಕ್ಕೆ ಇನ್ನೊಬ್ಬ ಬೆಲ್ಟಿನ ಕೊಂಡಿಯಿಂದ ಬೀಸಿದ, ಹುಬ್ಬು ಹರಿದು ರಕ್ತ ಕಣ್ಣಿಗೆ ಇಳಿಯಿತು. ಕೆಳಗೆ ಬಿದ್ದವರ ಬೆರಳುಗಳ ಮೇಲೆ ಬೂಟುಗಳು ಓಡಾಡಿದವು. ಮೈಕು ಕಿರುಚಿತು. ದಕ್ಷಿಣದ ಮಕ್ಕಳು ಮೇಜಿನ ಕೆಳಗೆ ಹೊಕ್ಕು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಬಸವಂತ್ರಾಯರು "ಬಿಡ್ರಲೇ! ಬಿಡ್ರಲೇ!" ಎನ್ನುತ್ತ ನುಗ್ಗಿ ಹೋಗಿ ಕನ್ನಡಕ ಕಳೆದುಕೊಂಡು ಗೋಡೆಗೆ ಒರಗಿದರು.

ಅಂಬಣ್ಣ ಕುರ್ಚಿಗಳನ್ನು ತುಳಿಯುತ್ತ ವೇದಿಕೆ ಹತ್ತಿದ್ದ.

"ಹಲ್ಲು ಮುರದಾಕಿ ನೀನ ಏನು?" ಎಂದವನೇ ಮಲ್ಲಿಯ ಕೆನ್ನೆಗೆ ಬಾರಿಸಿದ.

ಮಲ್ಲಿಯ ಮುಷ್ಟಿ ಬಿಗಿಯಿತು. ಹಣಮಂತಮ್ಮ ಕೆಳಗಿನಿಂದ ಅದನ್ನು ಕಂಡಳು. ಬಿಗಿದ ಮುಷ್ಟಿ ಮೇಲೇಳಲಿಲ್ಲ. ಮಲ್ಲಿ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು, ಒಂದು ಕೈಯ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ತಾಯಿಯ ಕಡೆ ನೋಡಿದಳು. ಎರಡನೆಯ ಏಟಿಗೆ ತುಟಿ ಸೀಳಿತು. ಮೂರನೆಯದಕ್ಕೆ ಹಣೆ ಮೇಜಿನ ಅಂಚಿಗೆ ಬಡಿಯಿತು. ಹಬೀಬಾ ಹಾರಿ ಅಂಬಣ್ಣನ ಮಣಿಕಟ್ಟು ಕಚ್ಚಿದಳು, ಅವನು ಕೊಡವಿದ ರಭಸಕ್ಕೆ ವೇದಿಕೆಯಿಂದ ಕೆಳಗೆ ಬಿದ್ದಳು. ಅಂಬಣ್ಣ ಮಲ್ಲಿಯ ಹೆಣಲನ್ನು ಕೈಗೆ ಸುತ್ತಿಕೊಂಡು ಎಳೆದ. ಹುಡುಗಿ ಬಿದ್ದಳು. ನೆಲದ ಮೇಲೆ ಎಳೆಸಿಕೊಳ್ಳುವಾಗಲೂ ಅವಳ ಕೈಗಳು ಬೆನ್ನ ಹಿಂದೆಯೇ ಇದ್ದವು. ಬಾಯಿಂದ ಒಂದು ಚೀತ್ಕಾರವೂ ಬರಲಿಲ್ಲ. ತಾನು ಹೊಡೆಸಿಕೊಳ್ಳುತ್ತಿದ್ದುದು ಹೇಗೆ ಕಾಣುತ್ತಿತ್ತು ಎಂಬುದನ್ನು ಹಣಮಂತಮ್ಮ ಮೊದಲ ಸಲ ಹೊರಗಿನಿಂದ ನೋಡಿದಳು.

ಮೆಟ್ಟಿಲು ಹತ್ತಿದ್ದು ಅವಳಿಗೆ ನೆನಪಿಲ್ಲ. ಬುತ್ತಿಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು, ಅಗಸರು ಬಟ್ಟೆ ಎತ್ತಿ ಕಲ್ಲಿಗೆ ಒಗೆಯುವಂತೆ ತಲೆಯ ಮೇಲಿನಿಂದ ತಿರುಗಿಸಿ ಅಂಬಣ್ಣನ ದವಡೆಗೆ ಬೀಸಿದಳು. ಡಬ್ಬಿ ಎಲುಬಿಗೆ ತಾಗಿದ ಸಪ್ಪಳ ಅಷ್ಟು ಗದ್ದಲದಲ್ಲೂ ಕೇಳಿಸಿತು. ಅವನು ಹೆಣಲು ಬಿಟ್ಟು ಮೊಣಕಾಲೂರಿದ. ಅಷ್ಟಕ್ಕೆ ನಿಲ್ಲಬಹುದಿತ್ತು. ಅವಳು ಕಿವಿಗೆ ಹೊಡೆದಳು. ಅವನು ಮಗ್ಗುಲಾಗಿ ಬಿದ್ದ. ಬಿದ್ದವನ ಎದೆಯ ಮೇಲೆ ಕಾಲಿಟ್ಟು ಮುಖಕ್ಕೆ ಹೊಡೆದಳು. ಗಂಟು ಬಿಚ್ಚಿ ರೊಟ್ಟಿಗಳು ಚೂರಾಗಿ ಸಿಡಿದವು, ಹಿಂಡಿ ಅವನ ರಕ್ತಕ್ಕೆ ಮೆತ್ತಿಕೊಂಡಿತು. ಅವನು "ಯಕ್ಕಾ, ಬಿಡಯಕ್ಕಾ" ಎಂದ. ಅವಳು ತಗ್ಗಾದ ಡಬ್ಬಿಯನ್ನು ಬರಿಗೈಯಲ್ಲಿ ಹಿಡಿದು ಮತ್ತೆ ಎತ್ತಿದಳು. ಹೊಡೆಯುತ್ತ ಹೊಡೆಯುತ್ತ ಅವಳಿಗೆ ಉಸಿರು ಹಗುರಾಗುತ್ತಿತ್ತು.

ಹಿಂದಿನಿಂದ ಎರಡು ಕೈಗಳು ಅವಳ ನಡುವನ್ನು ಬಿಗಿಯಾಗಿ ಹಿಡಿದವು.

"ಯವ್ವಾ, ಬಿಡಬೇ! ಸಾಯ್ತಾನಬೇ! ಸಾಕು!"

ಮಲ್ಲಿಯ ಕೈಗಳು ಅವು. ಹಣಮಂತಮ್ಮ ಅವುಗಳ ಸಂಗಡವೂ ಗುದ್ದಾಡಿದಳು. ಆಮೇಲೆ ಡಬ್ಬಿ ತಾನಾಗಿ ಕೆಳಗೆ ಬಿತ್ತು.

ಸಂಜೆಯ ಬಿಸಿಲು ಇನ್ನೂ ಇತ್ತು. ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ತಾಯಿ ಮಗಳು ಕುಳಿತಿದ್ದರು. ಮಲ್ಲಿಯ ಹಣೆಗೆ ಹೊಲಿಗೆ ಬಿದ್ದಿತ್ತು. ಹಬೀಬಾಳ ಮುರಿದ ಕೈಗೆ ಪಟ್ಟಿ ಹಾಕಿಸಿ ಅವಳ ಅಪ್ಪ ಆಗಲೇ ಊರಿಗೆ ಕರೆದೊಯ್ದಿದ್ದ. ಅಂಬಣ್ಣನ ದವಡೆ ಮುರಿದಿದೆ, ಒಂದು ಕಿವಿ ಹೋದಂತೆಯೇ, ಜೀವಕ್ಕೆ ಅಪಾಯವಿಲ್ಲ ಎಂದು ಆಸ್ಪತ್ರೆಯಿಂದ ಬಂದ ಪೇದೆ ಹೇಳಿದ. ಮಹಿಳಾ ಪೇದೆ ಪಾರ್ವತಿಬಾಯಿ ಹಣಮಂತಮ್ಮನಿಗೆ ಚಹಾ ತಂದುಕೊಟ್ಟು, "ಕುಡಿ, ಆಮ್ಯಾಲ ಸಾಹೇಬ್ರು ಕರೀತಾರ. ಇವತ್ತ ನಿನ್ನ ಬಿಡೂದಿಲ್ಲ," ಎಂದಳು.

ಬಸವಂತ್ರಾಯರು ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿಕೊಂಡು ಬಂದರು.

"ದಕ್ಷಿಣದವರಿಗಿ ಕಪ್ ಕೊಟ್ಟು ಮುಗಿಸ್ಯಾರ. ಪ್ರಶ್ನಿ ಕೇಳಿದವರಿಗಿ ದೀಡ ಅಂದ್ರೇನಂತ ನಾನ ಹೇಳಿದೆ. ತಲಿ ಹಿಡಕೊಂಡು ಕುಂತ್ರು, ಪಾಪ." ಮಲ್ಲಿಯ ಕಡೆ ತಿರುಗಿದರು. "ಏನ ಆಗಲಿ, ನೀ ಕೈ ಎತ್ತಿಲ್ಲ. ಎಲ್ಲಾರೂ ನೋಡ್ಯಾರ. ಟಿಸಿ ಮಾತು ಇನ್ನ ಯಾರೂ ಆಡಂಗಿಲ್ಲ, ನಾ ನೋಡ್ಕೋತೀನಿ. ನಡಿ, ಬಸ್ಸಿಗಿ ಹೊತ್ತಾತು."

"ನಾ ಅವ್ವನ ಬಿಟ್ಟು ಬರಂಗಿಲ್ರಿ," ಎಂದಳು ಮಲ್ಲಿ. ತುಟಿ ಬಾತು ಮಾತು ತೊದಲುತ್ತಿತ್ತು. ತಾಯಿಯ ಕಡೆ ತಿರುಗಿ ಕೇಳಿದಳು. "ಯವ್ವಾ, ಇಷ್ಟು ಬಲ ಇಟ್ಕೊಂಡು ಅಪ್ಪಗ ಒಮ್ಮಿನೂ ಯಾಕ ಹೊಡೀಲಿಲ್ಲಬೇ?"

ಹಣಮಂತಮ್ಮ ಚಹಾದ ಕಪ್ಪು ಬದಿಗಿಟ್ಟಳು.

"ಸುರು ಮಾಡಿದ್ರ ನಿಲ್ಲಸಾಕ ಆಗಂಗಿಲ್ಲಂತ ಗೊತ್ತಿತ್ತು. ನೀ ಸಣ್ಣಾಕಿದ್ದಿ. ನಾ ಜೇಲಿಗಿ ಹೋದ್ರ ನಿನಗ ಯಾರು ಉಣಸಬೇಕು?"

ಮಲ್ಲಿ ಸೆರಗು ಹಿಡಿದುಕೊಂಡಿದ್ದಳು. ಹಣಮಂತಮ್ಮ ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿದಳು.

"ಈಗ ನೀನ ರೊಟ್ಟಿ ಬಡೀತಿ. ಹೋಗು. ನಾಳಿ ಸಾಲಿ ತಪ್ಪಸಬ್ಯಾಡ. ಹೋಗಂದ್ರ ಹೋಗಬೇಕು."

ಹುಡುಗಿ ಎದ್ದಳು. ಗೇಟಿನ ಬಳಿ ಶಹಾಪುರದ ಹುಡುಗರು ಗುಂಪುಗಟ್ಟಿದ್ದರು. ಒಬ್ಬ ಏನೋ ಅಂದ. ಮಲ್ಲಿ ನಿಂತಳು. ಕಿಟಕಿಯಿಂದ ನೋಡುತ್ತಿದ್ದ ಹಣಮಂತಮ್ಮ ಸರಳುಗಳನ್ನು ಗಟ್ಟಿಯಾಗಿ ಹಿಡಿದಳು. ಮಲ್ಲಿ ಆ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಅವನು ಹಿಂದೆ ಸರಿದ. ಬೇರೆಯವರೂ ದಾರಿ ಬಿಟ್ಟರು. ಅವಳು ಹೆಡ್‌ಮಾಸ್ತರರ ಹಿಂದೆ ಹೊರಟು ರಸ್ತೆಯ ತಿರುವಿನಲ್ಲಿ ಮರೆಯಾದಳು.

"ಒಳಗ ಬಾ," ಎಂದು ಪಾರ್ವತಿಬಾಯಿ ಕರೆದಳು.

"ಬಂದೆರಿ," ಎಂದಳು ಹಣಮಂತಮ್ಮ.